ಹತ್ತನೇ ಕ್ಲಾಸ್ ಮಗಳ ಹಾಜರಿ 63.75 ಅಂತಿದ್ದಾರೆ, ಹಾಲ್ ಟಿಕೆಟ್ ಸಿಗುತ್ತಾ?

ಲಗ್ಗೆರೆ ಆಟೋ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಲಗ್ಗೆರೆಯಲ್ಲಿ ಇದ್ದೇನೆ, ಆಟೋ ಓಡಿಸುತ್ತೇನೆ. ನಮ್ಮ ಮನೆಯವರು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗಳು ಇಲ್ಲೇ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸ್. ಸಂಕ್ರಾಂತಿ ಮುಗಿದ ಮೇಲೆ ಶಾಲೆಗೆ ಹೋದವಳು ಸಂಜೆ ಒಂದು ಚೀಟಿ ತಂದಳು. ಅರ್ಧ ಹಾಳೆ, 'ಪೋಷಕರು ಖುದ್ದಾಗಿ ಬಂದು ಕಾಣುವುದು' ಅಂತ ಒಂದೇ ಸಾಲು. ಎಳ್ಳುಬೆಲ್ಲದ ಪೊಟ್ಟಣಗಳ ಮಧ್ಯೆ ಮಡಚಿ ಇಟ್ಟಿದ್ದಳು, ರಾತ್ರಿ ಊಟ ಆಗುವವರೆಗೂ ತೋರಿಸಲಿಲ್ಲ.

ಮಾರನೇ ದಿನ ಹೋದೆ. ಹೆಡ್ ಮೇಷ್ಟ್ರು ರಿಜಿಸ್ಟರ್ ತೆಗೆದರು. ಇಲ್ಲಿಯವರೆಗೆ ಶಾಲೆ ನಡೆದಿದ್ದು 160 ದಿನ, ಮಗಳು ಬಂದಿದ್ದು 102 ದಿನ. ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದರು. 63.75. ಎಸ್ಸೆಸ್ಸೆಲ್ಸಿ ಬರೆಯಲು 75 ಬೇಕು. ಪರೀಕ್ಷೆಯವರೆಗೆ ಇನ್ನು 45 ದಿನ ಶಾಲೆ ಇದೆಯಂತೆ. ಒಂದು ದಿನವೂ ತಪ್ಪಿಸದೆ ಬಂದರೂ 205ಕ್ಕೆ 147, 72 ಕೂಡ ಮುಟ್ಟಲ್ಲ ಅಂದರು. ಜೋರು ಮಾಡಲಿಲ್ಲ, ಕೂಗಾಡಲಿಲ್ಲ. ಅದೇ ನನಗೆ ಜಾಸ್ತಿ ಭಯ ಆಯಿತು.

ಕಾರಣ ಹೇಳಿಬಿಡುತ್ತೇನೆ. ಜುಲೈನಲ್ಲಿ ನಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ಮೂಳೆ ಮುರಿಯಿತು. ಜಯನಗರದ ಸಂಜಯ ಗಾಂಧಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ರಾಡ್ ಹಾಕಿದರು. ಆಮೇಲೆ ಮೂರು ತಿಂಗಳು ಹಾಸಿಗೆ. ಬೆಡ್ ಪ್ಯಾನ್ ಇಡುವುದರಿಂದ ಹಿಡಿದು ಮಗ್ಗುಲು ಬದಲಿಸುವವರೆಗೆ ಯಾರಾದರೂ ಪಕ್ಕದಲ್ಲಿ ಇರಲೇಬೇಕು. ಮನೆಯವರು ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಅಷ್ಟೇ ಅಲ್ಲ, ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ನಾನು ಗಾಡಿ ನಿಲ್ಲಿಸಿದರೆ ಫೈನಾನ್ಸಿನವರು ಬಾಗಿಲಿಗೆ ಬರುತ್ತಾರೆ. ಹಾಗಾಗಿ ಮಗಳು ಉಳಿದುಕೊಂಡಳು. ದಿನಾ ಅಲ್ಲ, ವಾರಕ್ಕೆ ಮೂರು ದಿನ, ಕೆಲವು ವಾರ ನಾಲ್ಕು. ಪಕ್ಕದ ಮನೆ ಆಂಟಿ ಮಧ್ಯಾಹ್ನ ಬಿಡುವಾದಾಗ ಬಂದು ಕೂರುತ್ತಿದ್ದರು, ಆಗ ಮಗಳು ಊಟದ ಹೊತ್ತಿಗೆ ಶಾಲೆಗೆ ಓಡುತ್ತಿದ್ದಳು.

ಒಂದು ಮಾತು ಮಾತ್ರ ನನಗೆ ಅರ್ಥವೇ ಆಗುತ್ತಿಲ್ಲ. ಇವಳು ಎಂಟನೇ ಕ್ಲಾಸಿನಲ್ಲಿದ್ದಾಗ ಮಧುಗಿರಿ ಕಡೆ ನಮ್ಮೂರ ಜಾತ್ರೆಗೆ ಅಂತ ಹೋಗಿ ಹತ್ತು ದಿನ ಉಳಿದುಬಿಟ್ಟಿದ್ದಳು. ಎಂಟನೇ ದಿನಕ್ಕೆ ಇಬ್ಬರು ಮೇಷ್ಟ್ರು ಮನೆ ಬಾಗಿಲಿಗೆ ಬಂದರು. ಕಾಫಿ ಕೊಟ್ಟರೂ ಕೂರಲಿಲ್ಲ. 'ಮಗು ಎಲ್ಲಿ?' ಅಂತ ನಾಲ್ಕು ಸಲ ಕೇಳಿದರು. ನಾನು ಎಲ್ಲೋ ಕೆಲಸಕ್ಕೆ ಹಾಕಿದ್ದೇನೆ ಅಂದುಕೊಂಡರೋ ಏನೋ. ಊರಿಗೆ ಫೋನ್ ಹಚ್ಚಿ ಅವಳ ದನಿ ಕೇಳಿಸಿದ ಮೇಲೆಯೇ ಹೋಗಿದ್ದು. ಈ ವರ್ಷ 58 ದಿನ ಇಲ್ಲ. ಜನವರಿವರೆಗೆ ಒಬ್ಬರೂ ಬರಲಿಲ್ಲ, ಒಂದು ಫೋನೂ ಇಲ್ಲ. ಆಗಸ್ಟಿನಲ್ಲೇ ಒಂದು ಮಾತು ಹೇಳಿದ್ದರೆ ಏನಾದರೂ ಮಾಡುತ್ತಿದ್ದೆ ಅಲ್ವಾ?

ಏನಾದರೂ ದಾರಿ ಇದೆಯಾ? ಗೊತ್ತಿದ್ದವರು ಹೇಳಿ.

ಮಲ್ಲತ್ತಹಳ್ಳಿ ಹುಡುಗ

ಟೆನ್ಷನ್ ತಗೋಬೇಡಿ ಅಣ್ಣ. ಈಗ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಪರೀಕ್ಷೆ ಮಾಡುತ್ತಾರೆ. ಒಂದು ತಪ್ಪಿದರೆ ಇನ್ನೊಂದು.

ಖಾರವಾಗಿ ಹೇಳ್ತೀನಿ

ಕ್ಷಮಿಸಿ, ಆದರೆ ಕೇಳಲೇಬೇಕು. ಶಾಲೆಯವರು ಫೋನ್ ಮಾಡಲಿಲ್ಲ ಅಂತೀರಿ. ಮಗಳು ಮನೆಯಲ್ಲಿ ಇರುವುದು ನಿಮಗೆ ಗೊತ್ತಿರಲಿಲ್ಲವಾ? ಅವರು ಫೋನ್ ಮಾಡಿ ನಿಮಗೆ ಗೊತ್ತಿರುವ ವಿಷಯವನ್ನೇ ಹೇಳಬೇಕಿತ್ತಾ? ಇನ್ನೊಂದು. ಮಗ ಆಗಿದ್ದರೆ ಹತ್ತನೇ ಕ್ಲಾಸಿನಲ್ಲಿ ಅಜ್ಜಿಯ ಬೆಡ್ ಪ್ಯಾನ್ ಇಡಲು ಉಳಿಸಿಕೊಳ್ಳುತ್ತಿದ್ದಿರಾ?

ಲಗ್ಗೆರೆ ಆಟೋ

ನೀವು ಕೇಳಿದ್ದು ಸರಿ. ಬೆಳಿಗ್ಗೆಯಿಂದ ಇದನ್ನೇ ಯೋಚನೆ ಮಾಡುತ್ತಾ ಗಾಡಿ ಓಡಿಸಿದೆ. ಗೊರಗುಂಟೆಪಾಳ್ಯದಲ್ಲಿ ಒಬ್ಬರನ್ನು ಇಳಿಸಿ ಚಿಲ್ಲರೆ ಕೊಡುವುದನ್ನೇ ಮರೆತೆ, ಅವರೇ ಕೂಗಿ ಕೇಳಿದರು. ಮಗ ಆಗಿದ್ದರೆ ಬಹುಶಃ ಉಳಿಸಿಕೊಳ್ಳುತ್ತಿರಲಿಲ್ಲ. ಬೇರೆ ಏನೋ ಒಂದು ಏರ್ಪಾಡು ಮಾಡುತ್ತಿದ್ದೆ. ಇವಳು 'ನಾನು ನೋಡ್ಕೋತೀನಿ ಬಿಡಪ್ಪ' ಅಂದಳು, ನಾನು ಸರಿ ಅಂದುಬಿಟ್ಟೆ. 75 ಪರ್ಸೆಂಟ್ ಅಂತ ಒಂದು ರೂಲ್ಸ್ ಇದೆ ಅಂತ ಕೇಳಿದ್ದೆ, ಕಾಲೇಜಿಗೆ ಇರಬೇಕು ಅಂದುಕೊಂಡಿದ್ದೆ.

ಚಾಕ್‌ಪೀಸ್ (ನಿವೃತ್ತ)

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು, ಕೊನೆಯ ಕೆಲವು ವರ್ಷ ಹೆಡ್ ಮೇಷ್ಟ್ರಾಗಿದ್ದೆ. ನಿವೃತ್ತಿಯಾಗಿ ಮಾಗಡಿ ರೋಡಿನಲ್ಲಿ ಮೊಮ್ಮಗನನ್ನು ಶಾಲಾ ವ್ಯಾನಿಗೆ ಹತ್ತಿಸುವ ಕೆಲಸದಲ್ಲಿದ್ದೇನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ನಿಮ್ಮ ಎಂಟನೇ ಕ್ಲಾಸಿನ ಕಥೆ. ಆ ಮೇಷ್ಟ್ರು ಪ್ರೀತಿಗೆ ಬಂದಿರಬಹುದು, ಆದರೆ ಅವರನ್ನು ಕಳಿಸಿದ್ದು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಅದು 6ರಿಂದ 14 ವರ್ಷದ ಮಕ್ಕಳಿಗೆ. ಮಗುವನ್ನು ಶಾಲೆಗೆ ತರುವುದು, ಉಳಿಸಿಕೊಳ್ಳುವುದು ಸರ್ಕಾರದ ತಲೆ ಮೇಲಿನ ಭಾರ. ಹಾಜರಿ ಕಡಿಮೆ ಅಂತ ಎಂಟನೇ ಕ್ಲಾಸ್ ಮುಗಿಯುವ ಮೊದಲು ಹೆಸರು ಹೊಡೆಯುವ ಹಾಗಿಲ್ಲ. ಆ ಕಾಯ್ದೆ ಶಾಲೆಗೇ ಹಾಜರಿ ಹಾಕಿದೆ: ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು.

2013ರಲ್ಲಿ ಶಾಲೆ ಬಿಟ್ಟ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ನೋಡಿ ನಮ್ಮ ಹೈಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡಿತು. ಅದರ ನಂತರ ಕರ್ನಾಟಕದಲ್ಲಿ ಲೆಕ್ಕ ಬಿಗಿಯಾಯಿತು. ಹೇಳದೆ ಕೇಳದೆ ಏಳು ದಿನಕ್ಕಿಂತ ಜಾಸ್ತಿ ಬರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಅಂತ ನೋಡಬೇಕು. ಅದಕ್ಕೆ ಎಂಟನೇ ದಿನ ಬಾಗಿಲಿಗೆ ಬಂದರು. ಕಾಫಿ ಯಾಕೆ ಕುಡಿಯಲಿಲ್ಲವೋ ಅದು ನನಗೆ ಗೊತ್ತಿಲ್ಲ, ನಾನಾಗಿದ್ದರೆ ಕುಡಿಯುತ್ತಿದ್ದೆ.

ಈಗ ನಿಮ್ಮ ಮಗಳಿಗೆ 15 ಆಗಿರಬೇಕು ಅಲ್ವಾ? ಅಲ್ಲಿಗೆ ಆ ಕಾಯ್ದೆಯ ಕೈ ಮುಗಿಯಿತು. ಹದಿನಾಲ್ಕರವರೆಗೆ ಶಾಲೆ ಮಗುವನ್ನು ಹುಡುಕಿಕೊಂಡು ಬರಬೇಕು. ಅದಾದ ಮೇಲೆ ಮಗು ಶಾಲೆಗೆ ಲೆಕ್ಕ ಕೊಡಬೇಕು. ಜೊತೆಗೆ ನಿಮ್ಮ ಮಗಳು ಸತತವಾಗಿ ಬಿಟ್ಟವಳಲ್ಲ. ಸೋಮವಾರ ಬಂದಳು, ಮಂಗಳವಾರ ಇಲ್ಲ, ಬುಧವಾರ ಅರ್ಧ ದಿನ. ಇಂಥ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ತಿಂಗಳು ಪೂರ್ತಿ ಕಾಣೆಯಾದ ಹುಡುಗನ ಹಿಂದೆ ಇಡೀ ಶಾಲೆ ಓಡುತ್ತದೆ. ದಿನ ಬಿಟ್ಟು ದಿನ ಬರುವ ಹುಡುಗಿಯ ಹೆಸರು ಜನವರಿಯಲ್ಲಿ ಕೂಡಿಸಿದಾಗ ಮಾತ್ರ ಮೇಲೆ ಬರುತ್ತದೆ. ನನ್ನ ಕಾಲದಲ್ಲೂ ಹೀಗೇ ಆಗಿದೆ, ನನ್ನ ಕೈಯಿಂದಲೂ ತಪ್ಪಿದ್ದಾರೆ. ತಿಂಗಳ ಕೊನೆಗೆ ಪುಟದ ಕೆಳಗೆ ಮೊತ್ತ ಹಾಕುತ್ತೇವೆ, ಆದರೆ ಹಿಂದಿನ ಪುಟದ ಮೊತ್ತಕ್ಕೆ ಕೂಡಿಸಿ ಓದುವವರು ಯಾರು?

ಈಗ ಕೆಲಸದ ಮಾತು. 75 ಅನ್ನುವುದು ಪರೀಕ್ಷಾ ಮಂಡಳಿಯ ನಿಯಮ, ಹೆಡ್ ಮೇಷ್ಟ್ರು ಮನೆಯಿಂದ ತಂದಿದ್ದಲ್ಲ. ಅದರ ಮೇಲೆ ಅವರ ಹತ್ತಿರ ಜಗಳ ಮಾಡಬೇಡಿ. ಜಗಳ ಮಾಡಬೇಕಾಗಿದ್ದು 102ರ ಮೇಲೆ. ಆ ಸಂಖ್ಯೆ ಎಲ್ಲಿಂದ ಬಂತು ನೋಡಿ.

ಹಾಜರಿ ದಿನಕ್ಕೆ ಎರಡು ಸಲ. ನಾವು ಬೆಳಿಗ್ಗೆ ಒಂದು ಓರೆ ಗೆರೆ ಎಳೆಯುತ್ತಿದ್ದೆವು, ಮಧ್ಯಾಹ್ನ ಅದರ ಮೇಲೆ ಅಡ್ಡ ಗೆರೆ. ಎರಡೂ ಸೇರಿದರೆ ಒಂದು ದಿನ, ಒಂದೇ ಇದ್ದರೆ ಅರ್ಧ ದಿನ. ಕೆಲಸ ಜಾಸ್ತಿ ಇದ್ದಾಗ ಏನಾಗುತ್ತದೆ ಅಂದರೆ, ಬೆಳಿಗ್ಗೆ ಇಲ್ಲದವರಿಗೆ ಇಡೀ ದಿನಕ್ಕೆ ಗೈರು ಅಂತ ಬರೆದುಬಿಡುತ್ತಾರೆ. ಮಧ್ಯಾಹ್ನದ ಹಾಜರಿ ಎಷ್ಟೋ ಕಡೆ ತೆಗೆಯುವುದೇ ಇಲ್ಲ. ನಿಮ್ಮ ಮಗಳು ಊಟದ ಹೊತ್ತಿಗೆ ಓಡುತ್ತಿದ್ದಳು ಅಂತ ಬರೆದಿದ್ದೀರಲ್ಲ, ಆ ಅರ್ಧ ದಿನಗಳು ಎಲ್ಲಿ ಹೋದವು? ಎರಡನೆಯದು, ಆಟೋಟ, ಪ್ರತಿಭಾ ಕಾರಂಜಿ ಅಂತ ಶಾಲೆಯ ಪರವಾಗಿ ಹೋದ ದಿನ ಮಗು ಹಾಜರು ಅಂತಲೇ ಲೆಕ್ಕ. ಆ ಪಟ್ಟಿ ಪಿಇಟಿ ಮೇಷ್ಟ್ರ ಜೇಬಿನಲ್ಲೇ ಉಳಿದು ಕ್ಲಾಸ್ ಟೀಚರಿಗೆ ತಲುಪದೇ ಇರುವುದು ಹೊಸದೇನಲ್ಲ. ಮೂರನೆಯದು, ಅವಳಿಗೇ ಹುಷಾರಿಲ್ಲದೆ ಹೋದ ದಿನಗಳ ಡಾಕ್ಟರ್ ಚೀಟಿ. ಇವೆಲ್ಲ ಹಿಡಿದುಕೊಂಡು ಹೋಗಿ, ಬರವಣಿಗೆಯಲ್ಲಿ ಮನವಿ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಹಾಲ್ ಟಿಕೆಟ್ ಬರುವವರೆಗೆ ಕಾಯಬೇಡಿ, ನಾಳೆಯೇ ಹೋಗಿ.

ಇನ್ನೊಂದು ಮಾತು, ಇದು ನಿಮ್ಮ ಶಾಲೆಯ ಬಗ್ಗೆ ಅಲ್ಲ. ಫಲಿತಾಂಶ ನೂರಕ್ಕೆ ನೂರು ಬರಬೇಕು ಅಂತ ಮೇಲಿನಿಂದ ಒತ್ತಡ ಇರುತ್ತದೆ. ಓದಿನಲ್ಲಿ ಹಿಂದಿರುವ ಮಗುವಿಗೆ ಹಾಜರಿ ಕಡಿಮೆ ಇದ್ದರೆ ಲೆಕ್ಕ ಬಹಳ ಚೊಕ್ಕವಾಗಿ ಮಾಡುತ್ತಾರೆ. ಚೆನ್ನಾಗಿ ಓದುವ ಮಗುವಿನ ಲೆಕ್ಕದಲ್ಲಿ ಕೈ ಸ್ವಲ್ಪ ಸಡಿಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅರ್ಧವಾರ್ಷಿಕದಲ್ಲಿ ಅವಳ ಅಂಕ ಎಷ್ಟು?

ಮಲ್ಲತ್ತಹಳ್ಳಿಯ ತಮ್ಮನಿಗೆ: 2024ರಿಂದ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಬಂದಿದೆ, ನಿಜ. ಅದನ್ನು ನಂಬಿಕೊಂಡು ಮೊದಲನೆಯದನ್ನು ಕೈಬಿಡುವುದು ಬೇಡ.

ಸಿಬಿಎಸ್‌ಇ ಅಮ್ಮ, ರಾಜಾಜಿನಗರ

ನಮ್ಮ ಮಗನದು ಸಿಬಿಎಸ್‌ಇ. ಅಲ್ಲೂ 75. ಕಾಯಿಲೆ, ರಾಷ್ಟ್ರ ಮಟ್ಟದ ಕ್ರೀಡೆಯಂಥ ಕಾರಣಕ್ಕೆ ದಾಖಲೆ ಕೊಟ್ಟರೆ 25 ಪರ್ಸೆಂಟ್‌ವರೆಗೆ ವಿನಾಯಿತಿ ಇದೆ. ಅವನಿಗೆ ಟೈಫಾಯಿಡ್ ಆದಾಗ ಶಾಲೆಯವರೇ ಎರಡು ಸಲ ಮೆಸೇಜ್ ಹಾಕಿ ಆಸ್ಪತ್ರೆ ಪತ್ರ ತರಿಸಿಕೊಂಡರು. ಒಂದು ದಿನ ಹೋಗದಿದ್ದರೆ ಹತ್ತು ಗಂಟೆಗೆ ಮೊಬೈಲಿಗೆ ಮೆಸೇಜ್ ಬರುತ್ತದೆ. ಫೀಸ್ ಕಟ್ಟುವವರಿಗೆ ಸಿಗುವ ಮೆಸೇಜ್ ನಿಮಗೆ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ ಅನಿಸುತ್ತದೆ.

ಚಾಕ್‌ಪೀಸ್ (ನಿವೃತ್ತ)

ಅಮ್ಮಾ, ಸರ್ಕಾರಿ ಶಾಲೆಯ ಮೇಷ್ಟ್ರು ಬೆಳಿಗ್ಗೆ ಹಾಲು ಕೊಡಿಸಬೇಕು, ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಬರೆಯಬೇಕು, ಎಸ್‌ಎಟಿಎಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಎಲ್ಲ ಮಕ್ಕಳ ವಿವರ ತುಂಬಬೇಕು, ಸಮೀಕ್ಷೆ ಅಂದರೆ ಮನೆ ಮನೆ ತಿರುಗಬೇಕು. ಸಮರ್ಥನೆ ಮಾಡುತ್ತಿಲ್ಲ. ಮೆಸೇಜ್ ಹಾಕಲು ಎರಡು ನಿಮಿಷ ಸಾಕು, ಒಪ್ಪುತ್ತೇನೆ.

ಸ್ಟಿಚ್ಚಿಂಗ್ ಲೈನ್

ಆಟೋ ಅಣ್ಣ, ನಾನೂ ಗಾರ್ಮೆಂಟ್ಸಲ್ಲೇ ಕೆಲಸ ಮಾಡುವುದು, ಹೆಗ್ಗನಹಳ್ಳಿ ಕಡೆ. ನನ್ನ ಕಥೆ ಹೇಳುತ್ತೇನೆ, ಬೇಜಾರಾಗಬೇಡಿ.

ನನಗೂ ಹತ್ತನೇ ಕ್ಲಾಸಿನಲ್ಲಿ ಹಾಜರಿ ಇಲ್ಲ ಅಂದರು. ತಮ್ಮ ಚಿಕ್ಕವನು, ಅಮ್ಮ ಬೇರೆಯವರ ಮನೆ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ಶಾಲೆಗೆ ಹೋಗಿ ಬಂದು 'ಆಗಲ್ವಂತೆ ಬಿಡು' ಅಂದರು, ಅಷ್ಟೇ. ರಿಜಿಸ್ಟರ್ ತೋರಿಸಿ ಅಂತ ಕೇಳಬಹುದು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ವಾರವೇ ಹೆಲ್ಪರ್ ಕೆಲಸಕ್ಕೆ ಸೇರಿದೆ. ದಾರ ಕತ್ತರಿಸುವ ಕೆಲಸ. ನಾಲ್ಕು ವರ್ಷ ಬಿಟ್ಟು ಖಾಸಗಿ ಅಭ್ಯರ್ಥಿ ಅಂತ ಪರೀಕ್ಷೆ ಕಟ್ಟಿದೆ. ಮೊದಲ ಸಲ ಗಣಿತ, ಇಂಗ್ಲಿಷ್ ಹೋಯಿತು. ಎರಡನೇ ಸಲ ಗಣಿತ ಹೋಯಿತು. ಮೂರನೇ ಸಲ ಪಾಸಾದೆ. ಪರೀಕ್ಷೆ ಹಾಲಲ್ಲಿ ಅಕ್ಕಪಕ್ಕ ಯೂನಿಫಾರಂ ಹಾಕಿದ ಮಕ್ಕಳು, ಮಧ್ಯೆ ನಾನು ಸೀರೆ ಉಟ್ಟುಕೊಂಡು. ಒಬ್ಬ ಹುಡುಗ ನನ್ನನ್ನು ಮೇಡಂ ಅಂದುಕೊಂಡು ಎದ್ದು ನಿಂತುಬಿಟ್ಟ.

ಖಾಸಗಿಯಾಗಿ ಕಟ್ಟಬಹುದು, ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಅಂತಲೂ ಇದೆ, ಅದಕ್ಕೆ 14 ವರ್ಷ ತುಂಬಿದ್ದರೆ ಸಾಕು. ದಾರಿ ಇದೆ. ಆದರೆ ಒಂದು ಸಲ ಕೆಲಸಕ್ಕೆ ಸೇರಿ ಮೊದಲ ಸಂಬಳ ಮನೆಗೆ ತಂದ ಮೇಲೆ ಆ ದಾರಿಯಲ್ಲಿ ಯಾರೂ ಕಳಿಸುವುದಿಲ್ಲ. ಮೇಷ್ಟ್ರು ಹೇಳಿದ ಹಾಗೆ ನಾಳೆಯೇ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ, ಯಾವತ್ತು ಬಂದಿದ್ದೆ ಅಂತ ಅವಳಿಗೇ ಗೊತ್ತಿರುತ್ತದೆ.

ಲಗ್ಗೆರೆ ಆಟೋ

ಹೋಗಿ ಬಂದೆ. ಎಲ್ಲರಿಗೂ ಹೇಳುತ್ತೇನೆ ಅಂತ ಆಗಲಿಂದ ಕಾಯುತ್ತಿದ್ದೆ, ಜಾಲಹಳ್ಳಿ ಕ್ರಾಸಿನಲ್ಲಿ ಗಾಡಿ ಸೈಡಿಗೆ ಹಾಕಿ ಬರೆಯುತ್ತಿದ್ದೇನೆ.

ಚಾಕ್‌ಪೀಸ್ ಸಾರ್, ಅರ್ಧವಾರ್ಷಿಕದಲ್ಲಿ 625ಕ್ಕೆ 388. ನಡುಮಧ್ಯ. ಬಿಡಿ.

ಮಗಳಿಗೆ ಅರ್ಧ ದಿನದ ವಿಷಯ ಹೇಳಿದ ತಕ್ಷಣ ಎದ್ದು ಹೋಗಿ ವಿಜ್ಞಾನದ ನೋಟ್ ಬುಕ್ ತಂದಳು. ಅವಳ ಕ್ಲಾಸಿಗೆ ವಿಜ್ಞಾನ ಮಧ್ಯಾಹ್ನದ ಪೀರಿಯಡ್. ಆ ಮೇಡಂ ದಿನಾ ನೋಟ್ಸ್ ನೋಡಿ ಕೆಂಪು ಪೆನ್ನಲ್ಲಿ ಸಹಿ ಹಾಕಿ ತಾರೀಕು ಬರೆಯುತ್ತಾರೆ. ರಾತ್ರಿ ಹನ್ನೊಂದರವರೆಗೆ ಅಪ್ಪ ಮಗಳು ಕೂತು ಒಂದೊಂದೇ ತಾರೀಕು ಗುರುತು ಮಾಡಿಕೊಂಡೆವು. ಅಮ್ಮ ಮಂಚದಲ್ಲಿ ಕೂತು ಲೈಟು ಆರಿಸಿ ಅಂತ ಬೈಯುತ್ತಿದ್ದರು.

ಬೆಳಿಗ್ಗೆ ರಿಜಿಸ್ಟರ್ ಜೊತೆ ಇಟ್ಟು ನೋಡಿದರೆ ಒಂಬತ್ತು ದಿನ ಹಾಗೆ ಸಿಕ್ಕಿತು. ರಿಜಿಸ್ಟರಲ್ಲಿ ಇಡೀ ದಿನ ಗೈರು, ನೋಟ್ ಬುಕ್ಕಲ್ಲಿ ಅದೇ ತಾರೀಕಿಗೆ ಕೆಂಪು ಸಹಿ. ಹೆಡ್ ಮೇಷ್ಟ್ರು ವಿಜ್ಞಾನದ ಮೇಡಂ ಅವರನ್ನು ಕರೆಸಿದರು. ಅವರು ಸಹಿ ನೋಡಿ 'ನನ್ನದೇ ಸಾರ್, ಇವಳು ಊಟ ಮುಗಿಯುವ ಹೊತ್ತಿಗೆ ಬರುತ್ತಿದ್ದಳು, ಬೆವತುಕೊಂಡು' ಅಂದರು. ಆ ಬೆವತುಕೊಂಡು ಅನ್ನುವ ಮಾತಿಗೆ ನಾನು ಕಿಟಕಿ ಕಡೆ ತಿರುಗಿದೆ. ಆಮೇಲೆ ಥ್ರೋಬಾಲ್ ಆಡಲು ಎರಡು ದಿನ ಹೋಗಿದ್ದಳು, ಸರ್ಟಿಫಿಕೇಟ್ ಇತ್ತು. ಸಾರ್ ಹೇಳಿದ ಹಾಗೆ ಆ ಪಟ್ಟಿ ಕ್ಲಾಸ್ ಟೀಚರಿಗೆ ಬಂದೇ ಇರಲಿಲ್ಲ. ಅದೂ ಸೇರಿತು.

ಒಂಬತ್ತು ಅರ್ಧ ದಿನ ಅಂದರೆ ನಾಲ್ಕೂವರೆ, ಥ್ರೋಬಾಲಿನದು ಎರಡು. ಇನ್ನುಳಿದ 45 ದಿನವೂ ಬಂದರೆ 205ಕ್ಕೆ 153.5. ಹೆಡ್ ಮೇಷ್ಟ್ರು ಮತ್ತೆ ಕ್ಯಾಲ್ಕುಲೇಟರ್ ಒತ್ತಿದರು. 74.88. 'ಕಾಲು ದಿನ ಸಾಲದಲ್ಲಪ್ಪ' ಅಂದರು. ಅವರಿಗೂ ನಗು ಬಂತು, ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಅವಳಿಗೇ ನಾಲ್ಕು ದಿನ ಜ್ವರ ಬಂದಿತ್ತು. ಆ ಚೀಟಿ, ಅಮ್ಮನ ಡಿಸ್ಚಾರ್ಜ್ ಪತ್ರ ಎಲ್ಲ ಸೇರಿಸಿ ಮನವಿ ಬರೆಸಿಕೊಂಡರು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ತಾವೇ ಕಳಿಸುತ್ತೇನೆ ಅಂದರು. ಸ್ವೀಕೃತಿ ಕೇಳಲು ಸಂಕೋಚ ಆಯಿತು, ಆದರೂ ಕೇಳಿದೆ. ಸೀಲ್ ಹಾಕಿ ಕೊಟ್ಟರು. ಫೋನ್ ಮಾಡದೇ ಇದ್ದಿದ್ದಕ್ಕೆ ನಾನೂ ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ಆಚೆ ಬರುವಾಗ ಮಗಳು ಒಂದು ನಿಮಿಷ ಅಂತ ವಾಪಸ್ ಒಳಗೆ ಹೋದಳು. ಮಳೆಗಾಲದಲ್ಲಿ ರಾಜಕಾಲುವೆ ತುಂಬಿ ಶಾಲೆಯೊಳಗೆ ನೀರು ನುಗ್ಗಿ ಒಂದು ದಿನ ರಜೆ ಕೊಟ್ಟಿದ್ದರಂತೆ. ಅದರ ಬದಲಿಗೆ ಫೆಬ್ರವರಿಯಲ್ಲಿ ಒಂದು ಭಾನುವಾರ ಶಾಲೆ ಇದೆ ಅಂತ ಬೋರ್ಡಿನಲ್ಲಿ ಹಾಕಿದ್ದಾರಂತೆ. 'ಸಾರ್, ಆ ಭಾನುವಾರ ನಿಮ್ಮ 45ರಲ್ಲಿ ಸೇರಿದೆಯಾ?' ಅಂತ ಕೇಳಿದಳು. ಅವರು ಕ್ಯಾಲೆಂಡರ್ ನೋಡಿದರು. ಸೇರಿರಲಿಲ್ಲ. ಹಾಗಾದರೆ 206ಕ್ಕೆ 154.5. ಮಗಳು ಕ್ಯಾಲ್ಕುಲೇಟರ್ ಮುಟ್ಟಲಿಲ್ಲ, ಬಾಯಲ್ಲೇ ಹೇಳಿದಳು. ಸರಿಯಾಗಿ 75. ಮೇಲೂ ಇಲ್ಲ, ಕೆಳಗೂ ಇಲ್ಲ.

ಚಾಕ್‌ಪೀಸ್ (ನಿವೃತ್ತ)

625ಕ್ಕೆ 388 ಅಂತೆ! ಆ ಹುಡುಗಿಗೆ ಗಣಿತದಲ್ಲಿ ಎಷ್ಟು ಬಂದಿತ್ತು ಕೇಳಿ. ಭಾನುವಾರಗಳಲ್ಲಿ ನಾನು ಬಿಡುವಾಗಿರುತ್ತೇನೆ, ಆ ಒಂದು ಭಾನುವಾರ ಬಿಟ್ಟು. ಮೆಸೇಜ್ ಹಾಕಿ.

ಖಾರವಾಗಿ ಹೇಳ್ತೀನಿ

ಒಳ್ಳೆಯದಾಯಿತು. ಆದರೆ ಈ 46 ದಿನ ಅಜ್ಜಿಯನ್ನು ನೋಡಿಕೊಳ್ಳುವವರು ಯಾರು?

ಲಗ್ಗೆರೆ ಆಟೋ

ನಾನೇ. ಅಮ್ಮ ಈಗ ವಾಕರ್ ಹಿಡಿದು ಬಚ್ಚಲವರೆಗೆ ನಡೆಯುತ್ತಾರೆ, ಆದರೂ ಬೆಳಿಗ್ಗೆ ಹೊತ್ತು ಒಬ್ಬರು ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ತೆಗೆಯುತ್ತೇನೆ, ಯಶವಂತಪುರ ಸ್ಟೇಷನ್ ಹತ್ತಿರ ಆ ಹೊತ್ತಿಗೆ ಬಾಡಿಗೆ ಸಿಗುತ್ತದೆ. ಒಂಬತ್ತಕ್ಕೆ ಮನೆಗೆ ಬಂದರೆ ಮಗಳು ಶಾಲೆಗೆ. ಮಧ್ಯಾಹ್ನ ಪಕ್ಕದ ಮನೆ ಆಂಟಿ ಬಂದ ಮೇಲೆ ಮತ್ತೆ ಗಾಡಿ. ಈ ವಾರ ಕಲೆಕ್ಷನ್ ಕಡಿಮೆಯಾಗಿದೆ, ಫೈನಾನ್ಸಿನವರ ಹತ್ತಿರ ಎರಡು ವಾರ ಟೈಮ್ ಕೇಳಿದ್ದೇನೆ.

ಇವತ್ತು ಅಮ್ಮನ ಸ್ನಾನಕ್ಕೆ ನೀರು ತೋಡಿದೆ. ಬಿಸಿ ಜಾಸ್ತಿಯಾಯಿತು ಅಂತ ಬೈದರು. ತಣ್ಣೀರು ಬೆರೆಸಿದೆ. ಈಗ ತಣ್ಣಗಾಯಿತು ಅಂದರು. ಮಗಳು ಹೇಗೆ ಬೆರೆಸುತ್ತಿದ್ದಳು ಅಂತ ಸಂಜೆ ಕೇಳಬೇಕು.